ಬಾವಿ ನೀರಿಗೆ ಸೀಮೆಎಣ್ಣೆ ವಾಸನೆ, ಕುದಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಕರಾವಳಿ. ಹತ್ತಿರದಲ್ಲೇ ತೈಲ ಸಂಸ್ಕರಣಾಗಾರ ಇದೆ. ಮಳೆ ಶುರುವಾದ ಮೇಲೆ ಬಾವಿ ನೀರಿನಲ್ಲಿ ಬಣ್ಣಬಣ್ಣದ ಪೊರೆ, ಸೀಮೆಎಣ್ಣೆ ವಾಸನೆ. ಅಮ್ಮ ಕುದಿಸಿ ಕೊಡುತ್ತಿದ್ದಾರೆ.

ಉತ್ತರ 1: ದಯವಿಟ್ಟು ಕುಡಿಯಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸರಿ. ಎಣ್ಣೆಯಲ್ಲಿರುವ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕ ಮಾತ್ರ ಆವಿಯಾಗಿ ಅಡುಗೆಮನೆ ಗಾಳಿಗೇ ಸೇರುತ್ತದೆ. ಅಮ್ಮ ಅದನ್ನೇ ಉಸಿರಾಡಬೇಕು, ಅಲ್ವಾ? ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಬರೀ 10 ಮೈಕ್ರೋಗ್ರಾಂ. ಗಾಜಿನ ಬಾಟಲಿಗೆ ಗಾಳಿ ಉಳಿಯದಂತೆ ನೀರು ತುಂಬಿ, ಐಸ್‌ನಲ್ಲಿಟ್ಟು ಲ್ಯಾಬ್‌ಗೆ ಕೊಡಿ. ಬೆಂಜೀನ್ ಅಂತ ಹೆಸರು ಹೇಳಿಯೇ ಕೇಳಿ. ಮಾಮೂಲಿ ಟೆಸ್ಟ್‌ನಲ್ಲಿ ಅದನ್ನು ನೋಡುವುದಿಲ್ಲ.

ಉತ್ತರ 2: ಚೆನ್ನೈನಲ್ಲಿ 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮಣಲಿಯ ತೈಲ ಸಂಸ್ಕರಣಾಗಾರದ ಎಣ್ಣೆ ಎಣ್ಣೂರು ಅಳಿವೆಗೆ ಹರಿಯಿತು. ಮೀನುಗಾರರ ದೋಣಿ, ಬಲೆ ಎಲ್ಲ ಕಪ್ಪಾದವು. ನೀವು ಈಗಲೇ ಫೋಟೋ ತೆಗೆದಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲೇ ದೂರು ಕೊಡಿ, ಸ್ವೀಕೃತಿ ಪಡೆಯಿರಿ.