9ನೇ ಕ್ಲಾಸಿನ ಮಗಳ ಬಗ್ಗೆ ಕನ್ಫೆಶನ್ ಪೇಜಿನಲ್ಲಿ ಬರೆದಿದ್ದಾರೆ, ಏನು ಮಾಡಲಿ?

ದಾವಣಗೆರೆಯ ಅಮ್ಮ: ಮಗಳ ಶಾಲೆಯ ಹೆಸರಲ್ಲಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ಕನ್ಫೆಶನ್ ಪೇಜ್ ಮಾಡಿದ್ದಾರೆ, ಹೆಸರು ಹೇಳದೆ ಯಾರ ಬಗ್ಗೆ ಏನು ಬೇಕಾದರೂ ಬರೆದು ಹಾಕುವ ಪೇಜ್. ಅದರಲ್ಲಿ ಅವಳ ಬಗ್ಗೆ ಮೂರು ಹೊಲಸು ಪೋಸ್ಟ್ ಬಂದಿವೆ. ಹದಿನೈದು ದಿನ ನಮಗೆ ಹೇಳಲೇ ಇಲ್ಲ, ಅವಳ ಅಣ್ಣ ನೋಡಿ ಹೇಳಿದ. ಇವರು "ಈಗ ಇದೆಲ್ಲ ಮಾಮೂಲಿ, ಫೋನ್ ಕಿತ್ತಿಟ್ಟರೆ ಸರಿಹೋಗುತ್ತೆ" ಅನ್ನುತ್ತಾರೆ. ನಿಜವಾಗಲೂ ಅಷ್ಟು ಮಾಮೂಲಿಯಾ? ನಿಮ್ಮ ಮನೆಯಲ್ಲಿ ಆಗಿದ್ದರೆ ಏನು ಮಾಡಿದಿರಿ, ಹೇಳಿ.

ಮೈಸೂರಿನಿಂದ: ಎಷ್ಟು ಮಾಮೂಲಿ ಅನ್ನುವುದು ಪ್ರಶ್ನೆ ಕೇಳುವ ರೀತಿಯ ಮೇಲಿದೆ. ಅಮೆರಿಕದ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ 2022ರಲ್ಲಿ ಅಲ್ಲಿನ 13ರಿಂದ 17 ವಯಸ್ಸಿನವರನ್ನು ಆನ್‌ಲೈನ್ ಕಿರುಕುಳ "ಯಾವತ್ತಾದರೂ ಆಗಿದೆಯಾ" ಎಂದು ಕೇಳಿತು. ಬೈಗುಳ, ಸುಳ್ಳು ಸುದ್ದಿ ಹಬ್ಬಿಸುವುದು ಹೀಗೆ ಆರು ಬಗೆಯಲ್ಲಿ ಒಂದಾದರೂ ಆಗಿದೆ ಎಂದವರು 46%. 15ರಿಂದ 17ರ ಹುಡುಗಿಯರಲ್ಲಿ 54%. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2024ರಲ್ಲಿ ಪ್ರಕಟಿಸಿದ ಸಮೀಕ್ಷೆ ಇತ್ತೀಚಿನ ತಿಂಗಳುಗಳ ಬಗ್ಗೆ ಮಾತ್ರ ಕೇಳಿತ್ತು. ಅಲ್ಲಿ ಆರರಲ್ಲಿ ಒಂದು ಮಗು. ಎರಡೂ ಸುಳ್ಳಲ್ಲ. ಭಾರತವೂ ಸೇರಿ 30 ದೇಶಗಳ ಯುವಜನರನ್ನು 2019ರಲ್ಲಿ ಯುನಿಸೆಫ್ ಕೇಳಿದಾಗ ಮೂವರಲ್ಲಿ ಒಬ್ಬರು ಹೌದು ಎಂದರು. ಐವರಲ್ಲಿ ಒಬ್ಬರು ಇದಕ್ಕಾಗಿ ಶಾಲೆ ತಪ್ಪಿಸಿದ್ದರು. ನಿಮ್ಮ ಯಜಮಾನರಿಗೆ ಈ ಕೊನೆಯ ಸಾಲು ತೋರಿಸಿ.

ತುಮಕೂರಿನ ಇನ್ನೊಬ್ಬ ಅಮ್ಮ: ಫೋನ್ ಮಾತ್ರ ಕಿತ್ತುಕೊಳ್ಳಬೇಡಿ ಅಕ್ಕಾ. ನಾನು ಮಾಡಿದ ತಪ್ಪೇ ಅದು. ಮಗಳ ಫೋಟೋ ಹಾಕಿ ಯಾರೋ ನಕಲಿ ಅಕೌಂಟ್ ಮಾಡಿದ್ದರು. ಅಳುತ್ತಾ ಬಂದು ಹೇಳಿದಳು. ನಾನು ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಎರಡನೇ ನಕಲಿ ಅಕೌಂಟೂ ಬಂದಿತ್ತಂತೆ. ಇವಳು ಗೆಳತಿಯ ಫೋನಿನಲ್ಲಿ ದಿನಾ ಅದನ್ನೇ ನೋಡುತ್ತಿದ್ದಳು. "ಹೇಳಿದ್ದಕ್ಕೆ ಶಿಕ್ಷೆ ನನಗೇ ಆಯ್ತಲ್ಲಮ್ಮ" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಹುಬ್ಬಳ್ಳಿಯಿಂದ: ನಮ್ಮ ಕಾಲದಲ್ಲೂ ಶಾಲೆಯ ಗೋಡೆ ಮೇಲೆ ಬರೆಯುತ್ತಿದ್ದರು ಬಿಡಿ. ಸುಮ್ನೆ ದೊಡ್ಡದು ಮಾಡಬೇಡಿ.

ತುಮಕೂರಿನ ಇನ್ನೊಬ್ಬ ಅಮ್ಮ: ಅದಕ್ಕೆ ಸುಣ್ಣ ಬಳಿದರೆ ಮುಗಿಯುತ್ತಿತ್ತು ಅಣ್ಣಾ. ಇದು ರಾತ್ರಿ ಹಾಸಿಗೆವರೆಗೂ ಜೊತೆಗೇ ಬರುತ್ತೆ.

ಹಾಸನ ಕಡೆಯ ಮೇಷ್ಟ್ರು: ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಇಂಥದ್ದೇ ಒಂದು ಪೇಜ್ ಬಂದಾಗ ಮಕ್ಕಳಿಗೆ ಚೀಟಿ ಕೊಟ್ಟು, ಹೆಸರು ಬರೆಯದೆ ಎರಡು ಪ್ರಶ್ನೆಗೆ ಉತ್ತರ ಹಾಕಿ ಎಂದೆ. ನಿನಗೆ ಆಗಿದೆಯಾ? ನೀನು ಮಾಡಿದ್ದೀಯಾ? ಎರಡಕ್ಕೂ ಹೌದು ಎಂದ ಚೀಟಿಗಳು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದವು. ಪೇಜ್ ನಡೆಸುತ್ತಿದ್ದ ಹುಡುಗನೂ ಕೊನೆಗೆ ಸಿಕ್ಕ. ಹಿಂದಿನ ವರ್ಷ ಅವನ ಮೈಬಣ್ಣ ಆಡಿಕೊಂಡು ವಾಟ್ಸಾಪ್ ಸ್ಟಿಕರ್ ಮಾಡಿ ಕ್ಲಾಸ್ ಗ್ರೂಪಿನಲ್ಲಿ ಹರಿಬಿಟ್ಟಿದ್ದರು. ಆಗ ನಮಗೆ ಯಾರಿಗೂ ಗೊತ್ತೇ ಆಗಿರಲಿಲ್ಲ. ಅವನು ಮಾಡಿದ್ದು ಸರಿ ಅಂತಲ್ಲ. ಆದರೆ ಶಾಲೆಗೆ ಹೋದಾಗ "ಯಾರು ಅಂತ ಹಿಡಿದು ಟಿಸಿ ಕೊಡಿ" ಎಂದು ಶುರು ಮಾಡಬೇಡಿ. ಪೇಜ್ ಮೊದಲು ಇಳಿಯಲಿ. ಗೆಳತಿಯರಿಗೆ ಅದನ್ನು ರಿಪೋರ್ಟ್ ಮಾಡಲು ಹೇಳಿ, ನೋಡಿ ನಗುವವರು ಕಡಿಮೆಯಾದರೆ ಪೇಜು ಸೊರಗುತ್ತೆ.

ಬೆಂಗಳೂರಿನಿಂದ, ಡಿಗ್ರಿ ಎರಡನೇ ವರ್ಷ: ಎಲ್ಲರೂ ಹುಡುಗಿಯರ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ತಮ್ಮ ಪಿಯುಸಿ. ಅಪರಿಚಿತ ಹುಡುಗಿಯ ಹೆಸರಲ್ಲಿ ವಿಡಿಯೋ ಕಾಲ್ ಬಂತು, ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳಿದರು. ಎರಡು ಸಲ ಯುಪಿಐಯಲ್ಲಿ ಕಳಿಸಿದ ಮೇಲೆ ನನ್ನ ಹತ್ತಿರ ಬಾಯಿಬಿಟ್ಟ. ಅಪ್ಪನಿಗೆ ಹೇಳಿದರೆ ಸಾಯುತ್ತೇನೆ ಅಂದಿದ್ದ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. 18 ತುಂಬದವರ ನಗ್ನ ಚಿತ್ರ ಆನ್‌ಲೈನ್‌ನಲ್ಲಿದ್ದರೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ಇದೆ. ಚಿತ್ರ ನಮ್ಮ ಫೋನಿನಲ್ಲೇ ಇರುತ್ತೆ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತೆ. ಅದು ಗೊತ್ತಾದ ಮೇಲೆಯೇ ಅವನು ನೆಟ್ಟಗೆ ನಿದ್ದೆ ಮಾಡಿದ್ದು.

ಧಾರವಾಡದ ವಕೀಲರು: ಪೋಸ್ಟುಗಳ ಸ್ಕ್ರೀನ್‌ಶಾಟ್, ಲಿಂಕ್, ತಾರೀಖು ಇಟ್ಟುಕೊಳ್ಳಿ. ಆಮೇಲೆ ರಿಪೋರ್ಟ್ ಮಾಡಿ. ಮಗುವಿನ ಅಶ್ಲೀಲ ಚಿತ್ರವಿದ್ದರೆ ಮಾತ್ರ ಹುಷಾರು: ಸಾಕ್ಷಿ ತೋರಿಸಲು ಅಂತಲೂ ಸಂಬಂಧಿಕರ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ, ಹಂಚುವುದೇ ಅಪರಾಧ. ಅಂಥ ಪ್ರಕರಣಕ್ಕೆ 2012ರ ಪೋಕ್ಸೋ ಕಾಯ್ದೆ, ಐಟಿ ಕಾಯ್ದೆಯ 67ಬಿ ಎರಡೂ ಬರುತ್ತವೆ. ದೂರು ಕೊಡಲು ಸೈಬರ್ ಪೊಲೀಸ್ ಠಾಣೆಗೆ ಹೋಗಿ. ಮಕ್ಕಳ ಸಹಾಯವಾಣಿ 1098.

ದಾವಣಗೆರೆಯ ಅಮ್ಮ: ಎಲ್ಲವನ್ನೂ ಇವರಿಗೆ ಓದಿ ಹೇಳಿದೆ. ಶಾಲೆ ತಪ್ಪಿಸುವ ಸಾಲಿಗೆ ಬಂದಾಗ ಇವರು ಸುಮ್ಮನಾದರು. ಮಗಳು ಹೋದ ವಾರ ಎರಡು ದಿನ ಹೊಟ್ಟೆನೋವು ಅಂತ ಮಲಗಿದ್ದಳು. ಫೋನ್ ಅವಳ ಹತ್ತಿರವೇ ಇದೆ. ನಿನ್ನೆ ರಾತ್ರಿ ನಾಲ್ಕನೇ ಪೋಸ್ಟ್ ಬಂತು, ಅವಳೇ ತಂದು ತೋರಿಸಿದಳು. ಲಿಂಕ್ ಬರೆದಿಟ್ಟುಕೊಂಡಿದ್ದೇವೆ. ಸೋಮವಾರ ಮೂವರೂ ಹೆಡ್ ಮಿಸ್ ಹತ್ತಿರ ಹೋಗುತ್ತೇವೆ.