ಕಡಲಕಳೆ ತೆಪ್ಪದ ಕೆಳಗೆ ಕ್ಯಾಮೆರಾ: ಸಮುದ್ರಕ್ಕೆ ಹೋಗೋ ಮುಂಚೆ ಬೆಳಗಾವಿಯಲ್ಲೇ ಏನೇನು ಪರೀಕ್ಷೆ ಮಾಡಬಹುದು?

ಟಿಳಕವಾಡಿ_ತಂಡ (ಬೆಳಗಾವಿ)

ನಮಸ್ಕಾರ್ರಿ ಎಲ್ಲರಿಗೂ. ಕೊನೇ ವರ್ಷದ ಪ್ರಾಜೆಕ್ಟಿಗೆ ನೀರೊಳಗಿನ ಕ್ಯಾಮೆರಾ ಡಬ್ಬಿ ಮಾಡ್ತಾ ಇದೀವಿ. ಬಳಸೋದು ಉತ್ತರ ಕನ್ನಡದ ಕಡಲಲ್ಲಿ, ಎರಡು ಕಡೆ. ಒಂದು, ಬಿದಿರಿನ ತೆಪ್ಪಕ್ಕೆ ಹಗ್ಗ ಕಟ್ಟಿ ಬೆಳೆಸೋ ಕಪ್ಪಾಫೈಕಸ್ ಕಡಲಕಳೆಯ ಕೆಳಗೆ, ಸುಮಾರು 1 ಮೀಟರ್ ಆಳದಲ್ಲಿ. ಇನ್ನೊಂದು, ಕಾಂಕ್ರೀಟ್ ಮಾಡ್ಯೂಲ್ ಮುಳುಗಿಸಿದ ಕೃತಕ ಬಂಡೆಸಾಲಿನ ಪಕ್ಕ, 15 ಮೀಟರ್ ಆಳದಲ್ಲಿ. ಅಲ್ಲಿಗೆ ಯಾವ ಮೀನು ಬರ್ತಾವೆ, ಎಷ್ಟು ಬರ್ತಾವೆ ಅನ್ನೋದನ್ನ ದಾಖಲಿಸಬೇಕು.

ಡಬ್ಬಿ 110 ಮಿಮೀ ಹೊರವ್ಯಾಸದ ಅಕ್ರಿಲಿಕ್ ಕೊಳವೆ, 300 ಮಿಮೀ ಉದ್ದ, ಎರಡೂ ತುದಿಗೆ ಮುಚ್ಚಳ, ಒಂದು ಮುಚ್ಚಳದಲ್ಲಿ ಕ್ಯಾಮೆರಾ ನೋಡೋಕೆ ಚಪ್ಪಟೆ ಅಕ್ರಿಲಿಕ್ ಗಾಜು. ಒಳಗೆ ಚಿಕ್ಕ ಕಂಪ್ಯೂಟರ್ ಬೋರ್ಡ್, ಕ್ಯಾಮೆರಾ, ನಾಲ್ಕು 18650 ಸೆಲ್ (ಚಾರ್ಜ್ ಮಾಡೋ ಲಿಥಿಯಂ ಬ್ಯಾಟರಿ). ಕೇಳಬೇಕಾಗಿರೋದು ಮೂರು: ಸೋರಿಕೆ ಪರೀಕ್ಷೆ ಇಲ್ಲೇ ಮಾಡೋದು ಹೇಗೆ? ಗಾಜಿನ ಮೇಲೆ ಪಾಚಿ ಕಟ್ಟೋದನ್ನ ಎಷ್ಟು ದಿನ ತಡೀಬಹುದು? ಒಂದೇ ಮೀನು ಹತ್ತು ಸಲ ಎದುರು ಬಂದರೆ ಎಣಿಸೋದು ಹೇಗೆ?

ಉದ್ಯಮಬಾಗ್_ಟರ್ನರ್

ಮೊದಲನೇ ಪ್ರಶ್ನೆಗೆ ಬೆಳಗಾವಿಗಿಂತ ಒಳ್ಳೇ ಊರು ಸಿಗೂದಿಲ್ರಿ. ಉದ್ಯಮಬಾಗದಾಗ ಹೈಡ್ರಾಲಿಕ್ ಕೆಲಸ ಮಾಡೋ ಶಾಪ್‌ಗಳು ಅದಾವು. ಓ-ರಿಂಗ್ (ನೀರು ತಡಿಯೋ ರಬ್ಬರ್ ಬಳಿ) ಕೂಡೋ ತೋಡು ಕೊರೆಯೋದು, ಕೈಪಂಪಿನಿಂದ ನೀರಿನ ಒತ್ತಡ ಕೊಟ್ಟು ನೋಡೋದು ಅವರಿಗೆ ದಿನದ ಕೆಲಸ. ಆದರೆ ಒಂದು ಮಾತು ಅವರಿಗೆ ಮೊದಲೇ ಹೇಳ್ರಿ, ಇಲ್ಲಂದ್ರೆ ಅಲ್ಲೇ ತಪ್ಪು ನುಸುಳ್ತದ: ಹೈಡ್ರಾಲಿಕ್‌ನಾಗ ಒತ್ತಡ ಒಳಗಿಂದ ಹೊರಗೆ ಇರ್ತದ, ನಿಮ್ಮ ಡಬ್ಬಿಗೆ ಹೊರಗಿಂದ ಒಳಗೆ. ಮುಚ್ಚಳದ ಮುಖಕ್ಕೆ ಓ-ರಿಂಗ್ ಕೂಡ್ರಿಸೋದಾದ್ರೆ ಅದು ತೋಡಿನ ಒಳಗಿನ ಗೋಡೆಗೆ ಅಂಟಿ ಕೂಡಬೇಕು. ರೂಢಿ ಪ್ರಕಾರ ಹೊರಗಿನ ಗೋಡೆಗೆ ಅಳತಿ ಹಿಡಿದ್ರೆ, ನೀರಿಗೆ ಇಳಿಸಿದಾಗ ರಿಂಗ್ ಒಳಗೆ ಜರುಗಿ, ಜರುಗುವಾಗ ಒಂದು ಗುಟುಕು ನೀರು ಬಿಟ್ಟುಕೊಡ್ತದ. ಬೋರ್ಡ್ ಸುಡಾಕ ಅಷ್ಟೇ ಸಾಕು.

3 ಮಿಮೀ ದಪ್ಪದ ನೈಟ್ರೈಲ್ ರಿಂಗ್, 70 ಶೋರ್ ಗಡಸುತನ ತಗೊಳ್ರಿ. ತೋಡಿನ ಆಳ 2.3 ಮಿಮೀ, ಅಗಲ 4 ಮಿಮೀ. ಮುಚ್ಚಳಕ್ಕೆ ಅಲ್ಯುಮಿನಿಯಂ ಬ್ಯಾಡ್ರಿ, ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಹಾಕ್ರಿ. ಉಪ್ಪುನೀರಿನಾಗ ಅಲ್ಯುಮಿನಿಯಂಗೆ ಸ್ಟೀಲ್ ಬೋಲ್ಟ್ ಮುಟ್ಟಿದ್ರೆ ಅಲ್ಯುಮಿನಿಯಂ ಕರಗತದ. ಬೋಲ್ಟ್ 316 ಸ್ಟೇನ್‌ಲೆಸ್ ಇರ್ಲಿ, 304 ಸಮುದ್ರದಾಗ ಚುಕ್ಕಿ ಚುಕ್ಕಿಯಾಗಿ ತೂತು ಬೀಳ್ತದ.

ಒತ್ತಡದ ಲೆಕ್ಕ ನೋಡ್ರಿ. 110 ಮಿಮೀ ಮುಚ್ಚಳದ ಕ್ಷೇತ್ರ 95 ಚದರ ಸೆಂಮೀ. 15 ಮೀಟರ್ ಆಳಕ್ಕೆ ಪ್ರತಿ ಚದರ ಸೆಂಮೀಗೆ ಒಂದೂವರೆ ಕೆಜಿ ಅಂದ್ರೂ ಮುಚ್ಚಳದ ಮೇಲೆ ಸುಮಾರು 145 ಕೆಜಿ ಭಾರ. ಪರೀಕ್ಷೆಗೆ ಆ ಒತ್ತಡದ ಎರಡು ಪಟ್ಟು, ಅಂದ್ರ 3 ಬಾರ್ (ಚದರ ಸೆಂಮೀಗೆ ಸುಮಾರು 3 ಕೆಜಿ), ಒಂದು ತಾಸು. ಡಬ್ಬಿ ಖಾಲಿ ಇರ್ಲಿ, ಒಳಗೆ ಟಿಶ್ಯೂ ಪೇಪರ್ ಸುತ್ತಿ ಇಡ್ರಿ. ಒಂದು ಹನಿ ಬಂದ್ರೂ ಕಲೆ ಕಾಣ್ತದ. ಏರಿಸೋದು, ಇಳಿಸೋದು ಐದು ಸಲ ಮಾಡ್ರಿ. ಡಬ್ಬಿ ಮುಳುಗಿಸೋ ಪಂಪಿನ ಪಾತ್ರೆಯೊಳಗೆ ಗಾಳಿ ಉಳೀಲಾರ್ದಂಗ ಪೂರ್ತಿ ನೀರು ತುಂಬ್ರಿ. ಗಾಳಿ ಒತ್ತಡದಿಂದ ಎಂದೂ ಪರೀಕ್ಷೆ ಮಾಡಬ್ಯಾಡ್ರಿ, ಅಕ್ರಿಲಿಕ್ ಒಡೆದ್ರ ಚೂರು ಗುಂಡಿನಂಗ ಹಾರ್ತಾವು.

ಇಷ್ಟಕ್ಕೇ ಮುಗೀಲಿಲ್ಲ. 3 ಬಾರ್ ತಡೆದ ಡಬ್ಬಿ 1 ಮೀಟರ್‌ನಾಗ ಸೋರಬಹುದು. ಆಳಕ್ಕ ಹೋದಂಗ ನೀರೇ ಮುಚ್ಚಳ ಒತ್ತಿ ಹಿಡೀತದ. ಮ್ಯಾಲೆ ಆ ಆಸರ ಇಲ್ಲ, ಅದರ ಮ್ಯಾಲೆ ತೆಪ್ಪ ಅಲೆಗೆ ಕುಲುಕ್ತದ. ನಿಮ್ಮ ತೆಪ್ಪದ ಕ್ಯಾಮೆರಾನೇ ಹೆಚ್ಚು ಅಪಾಯದಾಗ ಐತಿ. ಅದಕ್ಕ ಡಬ್ಬಿ ಮುಚ್ಚಿದ ಮ್ಯಾಲೆ ಒಳಗಿನ ಗಾಳಿ ಸ್ವಲ್ಪ ಹೀರಿ ತಗೀರಿ. ಗ್ಯಾರೇಜಿನಾಗ ಬ್ರೇಕ್ ಆಯಿಲ್ ಎಳಿಯಾಕ ಇಟ್ಟಿರ್ತಾರಲ್ಲ, ಮೀಟರ್ ಇರೋ ಕೈ ವ್ಯಾಕ್ಯೂಮ್ ಪಂಪ್, ಅದೇ ಸಾಕು. 250 ಮಿಮೀ ಪಾದರಸದಷ್ಟು ಎಳೆದು 15 ನಿಮಿಷ ನೆರಳಾಗ ಇಡ್ರಿ. ಮುಳ್ಳು 25 ಮಿಮೀಗಿಂತ ಹೆಚ್ಚು ಇಳಿದ್ರ ಎಲ್ಲೋ ಸೋರಾಕತ್ತೈತಿ. ಬಿಸಲಾಗ ಇಟ್ರ ಗಾಳಿ ಹಿಗ್ಗಿ ಸುಳ್ಳು ಲೆಕ್ಕ ಬರ್ತದ. ಪರೀಕ್ಷೆ ಆದ ಮ್ಯಾಲೆ ಆ ವ್ಯಾಕ್ಯೂಮ್ ಹಂಗೇ ಬಿಟ್ಟು, ಗಾಳಿ ಎಳೆದ ತೂತಿನ ಸ್ಕ್ರೂ ಬಿಗೀರಿ. ಮೇಲ್ನೀರಿನಾಗೂ ಮುಚ್ಚಳ ಕಚ್ಚಿಕೊಂಡು ಕೂಡ್ತದ.

ಪ್ರತಿ ಸಲ ಮುಚ್ಚೋಕ ಮುಂಚೆ ಓ-ರಿಂಗ್ ಕೈಯಾಗ ಹಿಡಿದು, ಟಾರ್ಚ್ ಅಡ್ಡಕ್ಕ ಬಿಟ್ಟು ಸುತ್ತಲೂ ನೋಡ್ರಿ. ಒಂದು ತಲೆಕೂದಲು ಅಡ್ಡ ಬಿದ್ದಿದ್ರ ಗ್ರೀಸಿನ ಹೊಳಪಿನಾಗ ಸಣ್ಣ ಗೆರಿ ಕಾಣ್ತದ. ಆ ಕೂದಲೇ ನೀರಿಗೆ ಕಾಲುವೆ. ಸಿಲಿಕೋನ್ ಗ್ರೀಸ್ ರಿಂಗ್ ಹೊಳೆಯೋವಷ್ಟು ಮಾತ್ರ ಹಚ್ರಿ, ಮುದ್ದಿ ಮುದ್ದಿ ಹಚ್ಚಿದ್ರ ಉಸುಕು ಹಿಡೀತದ. ಅಕ್ರಿಲಿಕ್‌ನ ಸ್ಪಿರಿಟ್, ಥಿನ್ನರ್, ಪೆಟ್ರೋಲ್‌ನಿಂದ ಒರೆಸಬ್ಯಾಡ್ರಿ. ಅಂದು ಏನೂ ಕಾಣೂದಿಲ್ಲ, ಆಮ್ಯಾಲೆ ಜಾಳಿಗಿಯಂಗ ಬಿರುಕು ಏಳ್ತಾವು. ಸೋಪಿನ ನೀರು ಸಾಕು.

ಸ್ವಿಚ್ಚಿಗಂತ ಡಬ್ಬಿಗೆ ತೂತು ಕೊರೀಬ್ಯಾಡ್ರಿ. ಒಳಗೆ ರೀಡ್ ಸ್ವಿಚ್ ಇಟ್ಟು ಹೊರಗಿಂದ ಅಯಸ್ಕಾಂತ ಹಿಡಿದ್ರ ಆನ್ ಆಗ್ತದ.

ಅಘನಾಶಿನಿ_ದಡ

ಟರ್ನರ್ ಅವರು ಹೇಳಿದ್ದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಗಾಜು ಮತ್ತು ಎಣಿಕೆಯ ಬಗ್ಗೆ ನಾನು ಬರೆಯುತ್ತೇನೆ.

ಬ್ಯಾಟರಿಗಿಂತ ಮೊದಲು ಗಾಜು ಸೋಲುತ್ತದೆ, ಯೋಜನೆಯನ್ನು ಇದರ ಮೇಲೆಯೇ ಕಟ್ಟಿ. ಬೆಚ್ಚನೆಯ ಕಡಲಲ್ಲಿ ಮೊದಲ ದಿನವೇ ಗಾಜಿನ ಮೇಲೆ ಬೆರಳಿಗೆ ಜಾರುವ ಲೋಳೆ ಕೂರುತ್ತದೆ. ಕೆಲವೇ ದಿನಗಳಲ್ಲಿ ಅದರ ಮೇಲೆ ಕಂದು ಪಾಚಿ, ಆಮೇಲೆ ಸಣ್ಣ ಬಿಳಿ ಚುಕ್ಕೆಗಳು. ಆ ಚುಕ್ಕೆಗಳು ಸುಣ್ಣದ ಚಿಪ್ಪು ಕಟ್ಟುವ ಬಾರ್ನಕಲ್ ಮರಿಗಳು. ಒಮ್ಮೆ ಅಂಟಿದರೆ ಕೆರೆದು ತೆಗೆಯುವಾಗ ಅಕ್ರಿಲಿಕ್ ಗೀರಾಗದೆ ಇರುವುದಿಲ್ಲ. ಒರೆಸುವ ಸಿಲಿಕೋನ್ ಪಟ್ಟಿ ಹಾಕುವುದಾದರೆ ಮೊದಲ ದಿನದಿಂದಲೇ ಕೆಲವು ಗಂಟೆಗೊಮ್ಮೆ ಓಡಬೇಕು. ಗಾಜಿನ ಸುತ್ತ ತಾಮ್ರದ ಬಳೆ ಇಡುವುದೂ ಉಪಯೋಗಕ್ಕೆ ಬರುತ್ತದೆ, ಆದರೆ ತಾಮ್ರದ ಗುಣ ಅಂಚಿನ ಹತ್ತಿರ ಮಾತ್ರ, ದೊಡ್ಡ ಗಾಜಿನ ನಡುವಿಗೆ ತಲುಪುವುದಿಲ್ಲ. ನನ್ನ ಮತ ಇಷ್ಟು: ಎರಡು ಡಬ್ಬಿ ಮಾಡಿ, ವಾರಕ್ಕೊಮ್ಮೆ ಬದಲಿಸಿ.

ಹಾಗೆ ನೋಡಿದರೆ ನಿಮ್ಮ ನಾಲ್ಕು ಸೆಲ್ ಸಾಕು. ತಲಾ 9 ವ್ಯಾಟ್-ಗಂಟೆ ಎಂದು 36, ಬಳಸಲು ಸಿಗುವುದು 29 ಎಂದಿಟ್ಟುಕೊಳ್ಳಿ. ಬೋರ್ಡ್ 2.5 ವ್ಯಾಟ್ ಎಳೆದರೆ ಬಿಡದೆ ಓಡಿದಾಗ ಹನ್ನೊಂದೂವರೆ ಗಂಟೆಗೆ ಮುಗಿಯಿತು. ಬದಲಿಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ತಲಾ 10 ನಿಮಿಷ ವಿಡಿಯೋ, ಹಗಲಲ್ಲಿ ಅರ್ಧ ಗಂಟೆಗೊಂದು ಫೋಟೋ ಸಾಕು. ಪ್ರತಿ ಫೋಟೋಗೆ ಬೋರ್ಡ್ ಎದ್ದು ಮಲಗಲು 40 ಸೆಕೆಂಡ್ ಹಿಡಿದರೂ ದಿನಕ್ಕೆ 2 ವ್ಯಾಟ್-ಗಂಟೆಯೊಳಗೆ ಬರುತ್ತದೆ, ಎರಡು ವಾರ ಸರಾಗ. ಇದಕ್ಕೆ ಗಡಿಯಾರದ ಚಿಪ್ ವಿದ್ಯುತ್ತನ್ನು ಪೂರ್ತಿ ಕಡಿಯಬೇಕು. ಬೋರ್ಡ್ ಅರೆನಿದ್ದೆಯಲ್ಲಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. 10 ಮೆಗಾಬಿಟ್ ವೇಗದ ವಿಡಿಯೋ ಗಂಟೆಗೆ 4.5 ಜಿಬಿ, ದಿನಕ್ಕೆ 2.25. 64 ಜಿಬಿ ಕಾರ್ಡು ಧಾರಾಳ.

ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಕ್ಕೆ ನೀರಿನಲ್ಲಿ ನೋಟ ಕಿರಿದಾಗುತ್ತದೆ. ಗಾಳಿಯಲ್ಲಿ 90 ಡಿಗ್ರಿ ಇದ್ದದ್ದು ನೀರಿನಲ್ಲಿ 64. ಇದನ್ನು ಮರೆತು ಬೆಳಗಾವಿಯ ಮೇಜಿನ ಮೇಲೆ ದೂರ ನಿಗದಿ ಮಾಡಿದರೆ ತೆಪ್ಪದ ಅಂಚಿನ ಹಗ್ಗಗಳು ಚಿತ್ರದಿಂದ ಹೊರಗುಳಿಯುತ್ತವೆ.

ಈಗ ಎಣಿಕೆ. ಒಂದೇ ಮೀನು ಹತ್ತು ಸಲ ಬಂದರೆ ಹತ್ತು ಎಂದು ಕೂಡಿಸಬೇಡಿ. ಒಂದು ಜಾತಿಯ ಅತಿ ಹೆಚ್ಚು ಮೀನು ಒಂದೇ ಫ್ರೇಮಿನಲ್ಲಿ ಎಷ್ಟು ಕಂಡವು ಎಂಬುದಷ್ಟೇ ಲೆಕ್ಕ. ಇದನ್ನು ಮ್ಯಾಕ್ಸ್-ಎನ್ ಎನ್ನುತ್ತಾರೆ. 12ನೇ ನಿಮಿಷ ಏಳು, 31ನೇ ನಿಮಿಷ ಒಂಬತ್ತು ಕಂಡರೆ ಆ ಸಲದ ಸಂಖ್ಯೆ 9, ಹದಿನಾರಲ್ಲ. ನಿಜವಾದ ಸಂಖ್ಯೆಗಿಂತ ಇದು ಕಡಿಮೆಯೇ ಇರಬಹುದು, ಆದರೆ ಎರಡು ಸಲ ಎಣಿಸುವ ತಪ್ಪಿರುವುದಿಲ್ಲ.

ಬಂಡೆಸಾಲಿನ ಹತ್ತಿರ ಆಮಿಷ ಕಟ್ಟಿದ ಚೌಕಟ್ಟು ಇಳಿಸಿ: ಸುಮಾರು ಒಂದು ಕೆಜಿ ಜಜ್ಜಿದ ತಾರ್ಲೆ (ಬೂತಾಯಿ ಎಂದರೂ ಅದೇ ಮೀನು), ಕ್ಯಾಮೆರಾದಿಂದ ಒಂದೂವರೆ ಮೀಟರ್ ಮುಂದೆ ಕೋಲಿನ ತುದಿಯ ಜಾಲರಿ ಚೀಲದಲ್ಲಿ, 60 ನಿಮಿಷ ರೆಕಾರ್ಡಿಂಗ್. ಒಂದೇ ಹೊತ್ತಿಗೆ ಎರಡು ಚೌಕಟ್ಟು ಇಳಿಸುವುದಾದರೆ ನಡುವೆ 400 ಮೀಟರ್ ಅಂತರ ಬಿಡಿ. ಇಲ್ಲದಿದ್ದರೆ ಒಂದರ ವಾಸನೆಗೆ ಬಂದ ಮೀನು ಇನ್ನೊಂದಕ್ಕೂ ಹೋಗುತ್ತದೆ. ತೆಪ್ಪದ ಕೆಳಗೆ ಮಾತ್ರ ಆಮಿಷ ಬೇಡವೇ ಬೇಡ. ಆಮಿಷಕ್ಕೆ ಮಾಂಸ ತಿನ್ನುವ ಮೀನು ಮುತ್ತುತ್ತವೆ. ಅಲ್ಲಿ ನಿಮಗೆ ಬೇಕಾಗಿರುವುದು ಕಳೆಯ ತುದಿ ಕಚ್ಚುವ ಮೊಲಮೀನಿನಂಥ ಜಾತಿ. ತಮಿಳುನಾಡಿನಲ್ಲಿ 3×3 ಮೀಟರ್ ತೆಪ್ಪದ ಅಡಿಗೆ ಬಲೆ ಕಟ್ಟುವುದು ಇಂಥ ಮೀನಿನಿಂದ ಬೆಳೆ ಉಳಿಸಿಕೊಳ್ಳಲಿಕ್ಕೇ. ಕಟಾವು 45 ದಿನಕ್ಕೆ ಬರುವುದರಿಂದ ಒಂದು ಪೂರ್ತಿ ಸುತ್ತನ್ನು ಹಿಡಿಯಿರಿ. ಅದೇ ಹಗ್ಗದ ಅದೇ ಗೊಂಚಲಿನ ಫೋಟೋ ದಿನವೂ ಇದ್ದರೆ, ತುದಿ ಮೀನು ಕಚ್ಚಿ ಹೋಯಿತೋ ಅಥವಾ ಐಸ್-ಐಸ್ ರೋಗದಲ್ಲಿ ಬೆಳ್ಳಗಾಗಿ ಮುರಿಯಿತೋ ಎಂದು ಬೇರ್ಪಡಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಹೋಲಿಕೆಯ ಜಾಗ. ತೇಲುವ ಯಾವ ವಸ್ತುವಿನ ಕೆಳಗೂ ಮೀನು ಸೇರುತ್ತವೆ. ಬರೀ ಬಿದಿರಿದ್ದರೂ ಸೇರುತ್ತವೆ. ಕಾಂಕ್ರೀಟ್ ಮಾಡ್ಯೂಲ್ ಮೀನನ್ನು ಹೆಚ್ಚಿಸಿತೋ, ಸುತ್ತಲಿನದನ್ನು ಒಂದೆಡೆ ಎಳೆಯಿತೋ ಎಂಬ ಪ್ರಶ್ನೆ ಈ ಕ್ಷೇತ್ರದಲ್ಲಿ ಹಳೆಯದು, ಇನ್ನೂ ತೀರಿಲ್ಲ. ತೆಪ್ಪಕ್ಕೊಂದು ಕಳೆಯಿಲ್ಲದ ಖಾಲಿ ತೆಪ್ಪ, ಬಂಡೆಸಾಲಿಗೊಂದು ಅದೇ ಆಳದ ಬರಿ ಮರಳಿನ ಜಾಗ, ಅದೇ ದಿನ, ಅದೇ ಹೊತ್ತು. ಸಾಧ್ಯವಿದ್ದರೆ ಮಾಡ್ಯೂಲ್ ಇಳಿಸುವ ಮೊದಲಿನ ಚಿತ್ರವೂ ಇರಲಿ. ಇದಿಲ್ಲದೆ ನೂರು ಗಂಟೆ ವಿಡಿಯೋ ತಂದರೂ ಬಂಡೆಸಾಲಿನಿಂದ ಮೀನು ಬಂತು ಎಂದು ಬರೆಯಲು ಬರುವುದಿಲ್ಲ.

ಟಿಳಕವಾಡಿ_ತಂಡ

ತುಂಬಾ ಉಪಕಾರ ಆಯ್ತು ಸರ್, ಇಬ್ಬರಿಗೂ. ಖಾಲಿ ತೆಪ್ಪದ ವಿಚಾರ ನಮಗೆ ಹೊಳೆದೇ ಇರಲಿಲ್ಲ. ಇನ್ನೊಂದು ಕೇಳ್ತೀನಿ. ಕರಾವಳಿಗೆ ಪದೇ ಪದೇ ಹೋಗೋಕೆ ದುಡ್ಡಿಲ್ಲ. ಇಳಿಸೋದು, ಎತ್ತೋದು, ಎಣಿಸೋದನ್ನ ಹಿಡಕಲ್ ಇಲ್ಲಾ ಆಲಮಟ್ಟಿ ಹಿನ್ನೀರಲ್ಲಿ ರೂಢಿ ಮಾಡಿಕೊಳ್ಳಬಹುದಾ? ಸಿಹಿನೀರಲ್ಲಿ ಕಲಿತದ್ದು ಉಪ್ಪುನೀರಿಗೆ ಎಷ್ಟು ಹೊಂದುತ್ತೆ?

ಹಿನ್ನೀರು_ಬಾಗಲಕೋಟೆ

ಹೊಂದ್ತದ್ರಿ, ಮೂರು ವ್ಯತ್ಯಾಸ ತಿಳಿದಿರಬೇಕು ಅಷ್ಟೇ. ತೇಲುವಿಕೆ ಮೊದಲನೇದು. ನಿಮ್ಮ ಡಬ್ಬಿಯ ಗಾತ್ರ ಸುಮಾರು 2.85 ಲೀಟರ್. ಇಲ್ಲಿ ಸಮತೂಕ ಮಾಡಿದ ಡಬ್ಬಿ ಸಮುದ್ರದಲ್ಲಿ 70 ಗ್ರಾಂನಷ್ಟು ಮೇಲಕ್ಕೆ ಎಳೀತದ, ಸೀಸದ ಚೂರು ಜೋಡಿಸಿಕೊಳ್ರಿ. ಎರಡನೇದು, ಎರಡು ಕ್ಯಾಮೆರಾ ಇಟ್ಟು ಮೀನಿನ ಉದ್ದ ಅಳೆಯೋದಾದ್ರೆ ಅಳತೆಯ ಹೊಂದಾಣಿಕೆಯನ್ನ ನೀರೊಳಗೇ ಮಾಡಬೇಕು, ಗಾಳಿಯಲ್ಲಿ ಮಾಡಿದ್ದು ನಡೆಯೂದಿಲ್ಲ. ಬಾವಿ ನೀರಲ್ಲಿ ಮಾಡಿದ್ದು ಸಮುದ್ರಕ್ಕೆ ಬಹಳ ಹತ್ತಿರ ಬರ್ತದ. ಬೆಳಕು ಬಾಗೋ ವ್ಯತ್ಯಾಸ ಶೇಕಡಾ ಅರ್ಧದಷ್ಟು. ಮೂರನೇದು ತುಕ್ಕು. ಅದನ್ನ ಇಲ್ಲಿ ಪರೀಕ್ಷೆ ಮಾಡಾಕ ಬರೂದಿಲ್ಲ. ಬಕೆಟ್ ನೀರಿಗೆ ಲೀಟರಿಗೆ 35 ಗ್ರಾಂ ಉಪ್ಪು ಹಾಕಿ ಬೋಲ್ಟು, ಕ್ಲಾಂಪು ಒಂದು ತಿಂಗಳು ನೆನೆಸಿಡ್ರಿ.

ಜಾಗದ ಮಾತಿಗೆ ಬಂದ್ರೆ, ಮಳೆಗಾಲದಾಗ ಕೃಷ್ಣೆ, ಘಟಪ್ರಭೆ ಎರಡೂ ಕೆಂಪು ನೀರು, ಕ್ಯಾಮೆರಾಕ್ಕ ಏನೂ ಕಾಣೂದಿಲ್ಲ. ಮಣ್ಣು ತಳಕ್ಕ ಇಳಿದ ಮ್ಯಾಲೆ, ಚಳಿಗಾಲದಾಗ ಬರ್ರಿ. ಬಾಗಲಕೋಟೆ ಹಿನ್ನೀರಿನಾಗ ಮುಳುಗಡೆಯಾದ ಹಳೇ ಊರಿನ ಗೋಡೆ, ಕಟ್ಟೆ ನೀರಿನಡಿ ಅದಾವು. ಮೀನಿಗೆ ಅವೇ ಆಸರ, ನಿಮ್ಮ ಬಂಡೆಸಾಲಿನಂಗೇ. ಒಂದು ಚೌಕಟ್ಟು ಗೋಡೆ ಪಕ್ಕ, ಒಂದು ಬರಿ ತಳದ ಮ್ಯಾಲೆ ಇಳಿಸಿದ್ರೆ ಅಘನಾಶಿನಿಯವರು ಹೇಳಿದ ಹೋಲಿಕೆಯ ರೂಢಿ ಇಲ್ಲೇ ಆಗ್ತದ. ಆಮಿಷಕ್ಕ ಶೇಂಗಾ ಹಿಂಡಿ, ಅಕ್ಕಿ ತೌಡು ಕಲಸಿದ ಉಂಡಿ ಕಟ್ರಿ. ರೋಹು, ಕಾಟ್ಲಾ, ಜಿಲೇಬಿ ಇದಕ್ಕ ಬರ್ತಾವು. ಆದರೆ ಅದೇ ಗೋಡೆ ಹಗ್ಗ ಹಿಡಿದು ಬಿಡ್ತದ. ಚೌಕಟ್ಟಿಗೆ ಭಾರ ಕಟ್ಟೋ ದಾರ ಎತ್ತೋ ಹಗ್ಗಕ್ಕಿಂತ ತೆಳ್ಳಗಿರ್ಲಿ. ಸಿಕ್ಕಿಕೊಂಡಾಗ ಜಗ್ಗಿದ್ರೆ ಭಾರ ಹರಿದು ಕೆಳಗೆ ಉಳಿದು, ಕ್ಯಾಮೆರಾ ಮ್ಯಾಲೆ ಬರ್ತದ. ನೀರಿಗೆ ಇಳಿಯೋ ಮುಂಚೆ ಅಣೆಕಟ್ಟಿನ ಕಚೇರಿ, ಮೀನುಗಾರಿಕೆ ಇಲಾಖೆ ಎರಡೂ ಕಡೆ ಅನುಮತಿ ಪತ್ರ ತಗೊಳ್ರಿ, ಸ್ಥಳೀಯ ಮೀನುಗಾರರ ದೋಣಿಯಲ್ಲೇ ಹೋಗ್ರಿ.

ಆಮಿಷದ ಕೋಲಿಗೆ 10 ಸೆಂಮೀಗೊಂದು ಕಪ್ಪು-ಬಿಳಿ ಪಟ್ಟಿ ಬಳೀರಿ. ವಿಡಿಯೋದಾಗ ಎಷ್ಟು ಪಟ್ಟಿ ಬಿಡಿಬಿಡಿಯಾಗಿ ಕಾಣ್ತಾವೋ ಅದೇ ಆ ದಿನದ ನೀರಿನ ತಿಳಿ. ಕೋಲಿನ ತುದಿ ಕಾಣದ ದಿನದ ಎಣಿಕೆಯನ್ನ ಕಾಣೋ ದಿನದ ಎಣಿಕೆ ಜೊತೆ ಹೋಲಿಸಬ್ಯಾಡ್ರಿ, ಮೀನು ಕಡಿಮೆ ಇದ್ವೋ ನೀರು ಕೆಟ್ಟಿತ್ತೋ ಗೊತ್ತಾಗೂದಿಲ್ಲ.

ಅಘನಾಶಿನಿ_ದಡ

ಪಟ್ಟಿ ಬಳಿಯುವ ಉಪಾಯ ಬಹಳ ಒಳ್ಳೆಯದು, ಸಮುದ್ರದಲ್ಲೂ ಅದನ್ನೇ ಮಾಡಿ.

ಮೀನು ಗುರುತಿಸಲು ಕಂಪ್ಯೂಟರ್ ಮಾದರಿ ಕಲಿಸುವ ಯೋಚನೆ ನಿಮಗಿದ್ದರೆ ಎರಡು ಎಚ್ಚರಿಕೆ. ಒಂದೇ ವಿಡಿಯೋದ ಫ್ರೇಮುಗಳನ್ನು ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಹಂಚಬೇಡಿ. ಪಕ್ಕಪಕ್ಕದ ಫ್ರೇಮು ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಂಕ ತುಂಬಾ ಚೆನ್ನಾಗಿ ಬಂದು, ಹೊಸ ಜಾಗದಲ್ಲಿ ಕುಸಿಯುತ್ತದೆ. ಒಂದು ಸಲ ಇಳಿಸಿದ್ದೆಲ್ಲ ಒಂದೇ ಕಡೆ ಇರಲಿ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಸೌಲಭ್ಯ ತೆಪ್ಪದ ಕೆಳಗೆ ಕೆಲಸಕ್ಕೆ ಬಾರದು, ಕಳೆ ಅಲೆಗೆ ತೂಗುತ್ತಲೇ ಇರುತ್ತದೆ. ಕೆಂಪು ಬೆಳಕು ಮೊದಲ ಕೆಲವು ಮೀಟರ್‌ನಲ್ಲೇ ನೀರಿನಲ್ಲಿ ಹೀರಿಹೋಗುವುದರಿಂದ 15 ಮೀಟರ್‌ನಲ್ಲಿ ಬಣ್ಣ ನೋಡಿ ಜಾತಿ ಹೇಳಲು ಹೋಗಬೇಡಿ. ರೆಕ್ಕೆಯ ಆಕಾರ, ಬಾಲದ ಕವಲು, ಮೈಮೇಲಿನ ಪಟ್ಟೆ ನೋಡಿ.

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಕಡಲೂ ಒರಟು, ನೀರೂ ಕಲಕು. ಮುರ್ಡೇಶ್ವರದ ಮುಂದಿನ ನೇತ್ರಾಣಿಯಲ್ಲಿ ಡೈವಿಂಗ್ ನಡೆಯುವುದೂ ಮಳೆ ಮುಗಿದ ಮೇಲೆಯೇ. 45 ದಿನದ ಸುತ್ತಿಗೆ ಡಿಸೆಂಬರ್ ಮೊದಲ ವಾರ ಹಿಡಿಯಿರಿ. ಹೊರಡುವ ಹಿಂದಿನ ರಾತ್ರಿ, ಒಣ ಹವೆಯ ಕೋಣೆಯಲ್ಲಿ, ಒಣಗಿಸಿದ 25 ಗ್ರಾಂ ಸಿಲಿಕಾ ಜೆಲ್ ಒಳಗಿಟ್ಟು ಡಬ್ಬಿ ಮುಚ್ಚಿ. ದೋಣಿಯ ಮೇಲೆ ಒದ್ದೆ ಕೈಯಿಂದ ತೆರೆದರೆ ತೇವ ಒಳಗೆ ಸೇರಿ, ನೀರಿಗಿಳಿದ ಮೇಲೆ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಅದನ್ನು ಅಲ್ಲಿ ಒರೆಸಲು ದಾರಿಯಿಲ್ಲ.