ಮೂಗೇಟು: ಮೂಗಿಗೆ ಬಿದ್ದ ಏಟೋ, ಮೂಗನಾದ ಏಟೋ?

ಗೆಳೆಯರೆ,

ನನ್ನದೊಂದು ಕಥೆಯ ಕರಡು ತಿದ್ದುಪಡಿಯಾಗಿ ಬಂದಾಗಿನಿಂದ ಈ ಪದ ತಲೆಯಲ್ಲಿ ಕೂತಿದೆ. ಕಥೆಯ ಹುಡುಗ ಸೈಕಲ್ಲಿನಿಂದ ಬೀಳುತ್ತಾನೆ. ಹ್ಯಾಂಡಲಿನ ತುದಿ ಎಡಪಕ್ಕೆಯ ಕೆಳಗೆ ಗುದ್ದುತ್ತದೆ. ಅಂಗಿ ಎತ್ತಿ ನೋಡಿದ ಅಜ್ಜಿ, "ಮೂಗೇಟು ಬಿದ್ದಿದೆ ಕಣೋ, ಓಡಾಡಬೇಡ" ಅನ್ನುತ್ತಾಳೆ. ಕರಡು ತಿದ್ದಿದವರು ಅದನ್ನು "ಮೂಗಿಗೆ ಏಟು ಬಿದ್ದಿದೆ" ಎಂದು ಮಾಡಿದ್ದರು.

ನಮ್ಮ ಮನೆಯಲ್ಲಿ ಮೂಗೇಟು ಅಂದರೆ ಚರ್ಮ ಒಡೆಯದ, ನೆತ್ತರು ಹೊರಗೆ ಕಾಣದ ಏಟು. ತೊಡೆಗೂ ಬೀಳಬಹುದು, ಬೆನ್ನಿಗೂ ಬೀಳಬಹುದು. "ಮೂಗೇಟಿಗೆ ಉಪ್ಪಿನ ಶಾಖ ಕೊಡು" ಅನ್ನುತ್ತಿದ್ದರು. ಹಾಗಾಗಿ ನನ್ನ ಊಹೆ ಇದು: ಇಲ್ಲಿರುವುದು ಮೂಗು ಅಲ್ಲ, ಮೂಗ. ಸಂಸ್ಕೃತದ ಮೂಕ ಕನ್ನಡದಲ್ಲಿ ಮೂಗ ಆಗಿದೆ, ಆಕಾಶ ಆಗಸ ಆದಂತೆ, ಶುನಕ ಸೊಣಗ ಆದಂತೆ. ಬಾಯಿ ಬಿಟ್ಟು ಹೇಳದ ಏಟು ಮೂಗೇಟು. ತೊಡಕೇನೆಂದರೆ ಮೂಗು + ಏಟು ಬಿಡಿಸಿದರೂ, ಮೂಗ + ಏಟು ಬಿಡಿಸಿದರೂ ಲೋಪಸಂಧಿಯಲ್ಲಿ ಸಿಗುವುದು ಒಂದೇ ರೂಪ. ವ್ಯಾಕರಣ ಇಲ್ಲಿ ತೀರ್ಪು ಕೊಡುವುದಿಲ್ಲ, ಬಳಕೆಯೇ ಕೊಡಬೇಕು. 'ಮೂಕಪೆಟ್ಟು' ಎಂಬ ಮಾತನ್ನೂ ನಾನು ಕೇಳಿದ್ದೇನೆ. ಅದು ನನ್ನ ಊಹೆಗೆ ದೊಡ್ಡ ಆಸರೆ.

ತಿದ್ದಿದವರ ಮೇಲೆ ನನಗೆ ಸಿಟ್ಟಿಲ್ಲ. ಮಾತು ಬಾರದವರನ್ನು ಮೂಗ, ಮೂಗಿ ಎಂದು ಕರೆಯುವುದನ್ನು ನಾವು ಬಿಡುತ್ತಿದ್ದೇವೆ, ಬಿಡಲೇಬೇಕು. ಆ ಪದ ಕಿವಿಯಿಂದ ದೂರವಾದಷ್ಟೂ ಮೂಗೇಟಿನಲ್ಲಿ ಮುಖದ ಮೂಗೇ ಕಾಣುತ್ತದೆ.

ಬದಲಿ ಪದಗಳನ್ನು ಹುಡುಕಿ ನೋಡಿದೆ. ಬಾಸುಂಡೆ ಅನ್ನುವ ಹಾಗಿಲ್ಲ, ಅದು ಬೆತ್ತವೋ ಬಾರುಕೋಲೋ ಬಿದ್ದು ಎದ್ದ ಬರೆ. ಕಂದುಗಟ್ಟಿದೆ ಅಂದರೆ ಬಣ್ಣ ಆಗಲೇ ಕಾಣುತ್ತಿರಬೇಕು. ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಸೋರಿದ ರಕ್ತ ಮೊದಲು ಕೆಂಪಾಗಿ, ನೀಲಿಯಾಗಿ, ಆಮೇಲೆ ಹಸಿರು ಹಳದಿಗೆ ತಿರುಗುತ್ತದಲ್ಲ, ಆ ಕಲೆಯ ಹೆಸರು ಅದು. ನನ್ನ ಹುಡುಗನ ಮೈಮೇಲೆ ಕಲೆಯೇ ಇಲ್ಲ.

ಪೊಲೀಸ್ ದೂರುಗಳ ಕನ್ನಡ ಇದರಲ್ಲಿ ತುಂಬ ಚುರುಕು. ಕಲಬುರಗಿ, ಯಾದಗಿರಿ ಕಡೆಯ ದೂರುಗಳಲ್ಲಿ ರಕ್ತಗಾಯ, ತರಚಿದ ಗಾಯ, ಗುಪ್ತಗಾಯ ಎಂದು ಬೇರೆಬೇರೆ ಬರೆಯುತ್ತಾರೆ. ಮಂಗಳೂರಿನ ಕಡೆ 'ಗುದ್ದಿದ ಗಾಯ' ಕಂಡಿದ್ದೇನೆ. ಗಾಯದ ಬಗೆಯ ಮೇಲೆ ಕಾನೂನಿನ ಕಲಮು ನಿಲ್ಲುವುದರಿಂದ ಅವರಿಗೆ ಈ ಸೂಕ್ಷ್ಮ ಬೇಕೇ ಬೇಕು. ಕಾನೂನು ನೋವನ್ನು ದಿನಗಳಲ್ಲಿ ಎಣಿಸುತ್ತದೆ: ಹಳೆಯ ದಂಡಸಂಹಿತೆಯಲ್ಲಿ 20 ದಿನ ತೀವ್ರ ನೋವು ಉಂಡರೆ ಅದು ಗಂಭೀರ ಗಾಯ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 15 ದಿನ. ಗುಪ್ತಗಾಯ ನನಗೆ ಇಷ್ಟವಾದ ಪದ. ಗಾಯ ಎಂಬುದೇ ಘಾತದಿಂದ ಬಂದದ್ದು, ಅಂದರೆ ಮೂಲದಲ್ಲಿ ಅದೂ ಏಟೇ. ಆದರೆ ಅಜ್ಜಿಯ ಬಾಯಲ್ಲಿ ಗುಪ್ತಗಾಯ ಕೂರುವುದಿಲ್ಲ. ಒಳಪೆಟ್ಟು ಕೂರುತ್ತದೆ, ಅರ್ಥವೂ ಹೊಂದುತ್ತದೆ, ಮೌನ ಮಾತ್ರ ಅದರಲ್ಲಿಲ್ಲ.

ಕಥೆಗೆ ಬೇಕಾದದ್ದು ಆ ಮೌನವೇ. ಎಡಪಕ್ಕೆಯ ಅಡಿಯಲ್ಲಿರುವುದು ಗುಲ್ಮ, ಇಂಗ್ಲಿಷಿನಲ್ಲಿ ಸ್ಪ್ಲೀನ್ ಅನ್ನುವ ಅಂಗ. ಇಂಥ ಗುದ್ದಿಗೆ ಅದು ಹರಿದು ಹೊಟ್ಟೆಯೊಳಗೇ ರಕ್ತ ಸೋರಬಹುದು, ಹೊರಗೆ ಒಂದು ಗೀರೂ ಇರದೆ. ಕೆಲವೊಮ್ಮೆ ಏಟು ಬಿದ್ದ ಕೆಲವು ದಿನಗಳ ಮೇಲೆ ರೋಗಿ ಹಠಾತ್ತನೆ ಬಿಳಿಚಿಕೊಂಡು ಕುಸಿಯುತ್ತಾನೆ. ಮೇಲೆ ಏನೂ ಕಾಣದಿದ್ದರೂ ಹೊಟ್ಟೆಗೆ ಪೆಟ್ಟು ಬಿದ್ದವರನ್ನು ವೈದ್ಯರು ಸ್ಕ್ಯಾನ್ ಮಾಡಿಸಿ, ಕಣ್ಣಿಟ್ಟು ಕಾಯುವುದು ಇದಕ್ಕೇ. ನನ್ನ ಹುಡುಗ ಕುಸಿಯುವುದು ಮೂರನೆಯ ದಿನ. ಮೊದಲ ದಿನವೇ ಅಜ್ಜಿ ಒಂದೇ ಪದದಲ್ಲಿ ಅದನ್ನು ಹೇಳಿರುತ್ತಾಳೆ, ಯಾರೂ ಕೇಳಿಸಿಕೊಂಡಿರುವುದಿಲ್ಲ. "ಮೂಗಿಗೆ ಏಟು" ಎಂದಾದರೆ ಇಡೀ ಕಥೆ ಬಿದ್ದುಹೋಗುತ್ತದೆ.

ತಿಳಿದವರು ಹೇಳಿ: ನಿಮ್ಮ ಊರಿನಲ್ಲಿ ಮೂಗೇಟು ಈಗಲೂ ಬಳಕೆಯಲ್ಲಿದೆಯೇ, ಯಾವ ಅರ್ಥದಲ್ಲಿ? ಮೂಗಿಗೇ ಬಿದ್ದ ಏಟನ್ನು ಯಾರಾದರೂ ಹಾಗೆ ಕರೆಯುವುದನ್ನು ಕೇಳಿದ್ದೀರಾ? ಮೂಕಪೆಟ್ಟು ಯಾವ ಸೀಮೆಯದು? ಹಳಗನ್ನಡ ಅಥವಾ ನಡುಗನ್ನಡದಲ್ಲಿ ಪ್ರಯೋಗ ಕಂಡವರಿದ್ದರೆ ಸಾಲು ಸಮೇತ ಕೊಟ್ಟರೆ ದೊಡ್ಡ ಉಪಕಾರ. ಸದ್ಯಕ್ಕೆ ಅಜ್ಜಿಯ ಮಾತನ್ನು ಮೊದಲಿದ್ದಂತೆಯೇ ಬರೆದು ಕರಡನ್ನು ಹಿಂದಕ್ಕೆ ಕಳಿಸಿದ್ದೇನೆ.